ಮೂಗಿನ ಆಪರೇಷನ್ನಿಗೆ ಒಪ್ಪಿಗೆ

ನನ್ನ ಮುಖದೊಳಗೆ ಏನೋ ಕೊಳೆಯುತ್ತಿದೆ ಎಂದು ನನಗೆ ಗೊತ್ತಾಗಿ ಎಷ್ಟೋ ಕಾಲದ ಮೇಲೆ ಡಾಕ್ಟರಿಗೆ ಗೊತ್ತಾಯಿತು. ಬಗ್ಗಿ ಅಂಗಳ ಗುಡಿಸಿದರೆ ಎಡಗೆನ್ನೆಯ ಮೂಳೆ ಸಿಡಿಯುತ್ತಿತ್ತು. ಹಲ್ಲುನೋವೆಂದು ತಿಳಿದು ಒಂದು ಗಟ್ಟಿ ದವಡೆಹಲ್ಲನ್ನು ಕೀಳಿಸಿಕೊಂಡೂ ಆಗಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಆ ದುರ್ವಾಸನೆ. ಅನ್ನದಲ್ಲಿ, ಮಲ್ಲಿಗೆಯಲ್ಲಿ, ಒಗೆದು ಒಣಗಿಸಿದ ಸೀರೆಯಲ್ಲಿ, ಎಲ್ಲದರಲ್ಲೂ ಅದೇ. ಪಕ್ಕದಲ್ಲಿ ಕೂತವರಿಗೆ ಏನೂ ಇಲ್ಲ. ನಿನಗೆ ಭ್ರಮೆ ಎಂದು ಹೇಳಿ ಹೇಳಿ ಅವರಿಗೇ ಸಾಕಾಗಿತ್ತು.

ಮದ್ರಾಸಿನಲ್ಲಿ ಕಲಿತು ಊರಿಗೆ ಬಂದ ಒಬ್ಬ ಡಾಕ್ಟರು ನನ್ನನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಬಾಯೊಳಗೆ ಪುಟ್ಟ ದೀಪವಿಟ್ಟು, ತುಟಿ ಮುಚ್ಚಲು ಹೇಳಿದರು. ಬಲಗೆನ್ನೆ ಕೆಂಪಗೆ ಬೆಳಗಿತಂತೆ. ಎಡಗೆನ್ನೆ ಕತ್ತಲೆಯಾಗಿಯೇ ಇತ್ತಂತೆ.

"ಮೂಗಿನ ಪಕ್ಕ, ಕೆನ್ನೆಮೂಳೆಯ ಪೊಳ್ಳಿನೊಳಗೆ ಕೀವು ತುಂಬಿದೆ. ಮೇಲ್ದುಟಿ ಎತ್ತಿ, ಹಲ್ಲಿನ ಮೇಲೆ ಕೊಯ್ದು, ಮೂಳೆಗೆ ಕಿಂಡಿ ಮಾಡಿ ತೊಳೆಯಬೇಕು" ಎಂದರು.

"ಮಾಡಿಸದಿದ್ದರೆ?"

"ಹೀಗೇ ಇರಬಹುದು. ಕಣ್ಣಿಗೋ ಮಿದುಳಿಗೋ ಏರಲೂಬಹುದು." ಕ್ಲೋರೋಫಾರ್ಮ್ ಕೊಟ್ಟ ಮೇಲೆ ಏಳದವರೂ ಇದ್ದಾರೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. "ಮನೆಯವರ ಹತ್ತಿರ ಕೇಳಿಕೊಂಡು ಬನ್ನಿ" ಎಂದರು.

ಮನೆಯವರು ಅಂದರೆ ಯಾರು ಎಂಬಲ್ಲಿಯೇ ನನ್ನ ಕಷ್ಟ ಶುರುವಾದದ್ದು. ನಮ್ಮದು ಮಣ್ಣಗುಡ್ಡದ ಅಳಿಯಕಟ್ಟಿನ ಮನೆ. ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುತ್ತದೆ, ಯಜಮಾನಿಕೆ ಮಾತ್ರ ಸೋದರಮಾವನದು. ಅಮ್ಮ ತೀರಿಕೊಂಡಿದ್ದಳು. ನಾನು ಒಬ್ಬಳೇ ಮಗಳು, ನನಗೆ ಮಕ್ಕಳಾಗಿರಲಿಲ್ಲ. ಹಾಗಾಗಿ ಮನೆಯಲ್ಲಿ ಇದ್ದದ್ದು ನಾನು ಮತ್ತು ಮಾವ. ನನ್ನ ಗಂಡ ನಮ್ಮ ಕಡೆಯ ಪದ್ಧತಿಯಂತೆ ತಮ್ಮ ತಾಯಿಮನೆಯಲ್ಲಿದ್ದುಕೊಂಡು, ಬಂದರಿನಲ್ಲಿ ಆ ಮನೆಯ ಅಕ್ಕಿಯ ವ್ಯಾಪಾರ ನೋಡಿಕೊಳ್ಳುತ್ತಿದ್ದರು. ಶನಿವಾರ ಸಂಜೆ ಬಂದರೆ ಸೋಮವಾರ ಬೆಳಗ್ಗೆ ಹೊರಡುವರು. ಇಬ್ಬರೂ ಒಳ್ಳೆಯವರೇ. ಒಂದು ದಿನ ನನ್ನ ಮೇಲೆ ದನಿ ಎತ್ತಿದವರಲ್ಲ.

ಮೊದಲು ಮಾವನನ್ನು ಕೇಳಿದೆ. ಅವರು ಚಾವಡಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

"ಗಂಡ ಇರುವಾಗ ನಾನು ಹೇಳುವುದು ಸರಿಯಾ? ನಾಳೆ ಎಂತಾದ್ರೂ ಆದ್ರೆ ಅವರಿಗೆ ಎಂತ ಉತ್ತರ ಕೊಡ್ಲಿ? ಅವರ ಹತ್ತಿರ ಕೇಳು."

ಶನಿವಾರ ಗಂಡನನ್ನು ಕೇಳಿದೆ.

"ನೀನು ಈ ಕುಟುಂಬದ ಹೆಣ್ಣು. ಯಜಮಾನರು ಇರುವಾಗ ನಾನು ಬಾಯಿ ಹಾಕ್ಲಿಕ್ಕೆ ಆಗ್ತದಾ ಮಾರಾಯ್ತಿ? ಅವರು ಹೇಳಿದ ಹಾಗೆ ಮಾಡು."

ಮರುದಿನ ಇಬ್ಬರಿಗೂ ಒಟ್ಟಿಗೆ ಊಟಕ್ಕೆ ಬಡಿಸಿ, ಮೀನಿನ ಸಾರು ಹಾಕುತ್ತಾ ಅದೇ ಮಾತು ಎತ್ತಿದೆ. ನೀವು ಹಿರಿಯರು, ನೀವು ಹೇಳಿ ಎಂದರು ಇವರು. ಛೆ, ಕೈಹಿಡಿದವರು ನೀವು, ನೀವೇ ಹೇಳಬೇಕು ಎಂದರು ಅವರು. ಬಾಗಿಲಲ್ಲಿ ನಿಂತು ನೀವು ಮೊದಲು, ನೀವು ಮೊದಲು ಎನ್ನುವ ನೆಂಟರ ಹಾಗೆ ಅದು ಸಾಗಿತು. ಆಮೇಲೆ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಹೂಳು ತುಂಬಿದ ಸುದ್ದಿ ಬಂತು. ಅದರ ಬಗ್ಗೆ ಇಬ್ಬರಿಗೂ ಹೇಳುವುದು ಬೇಕಾದಷ್ಟಿತ್ತು.

ಅಡುಗೆಮನೆಗೆ ಬಂದು ಪಾತ್ರೆ ಕುಕ್ಕಿದೆ. ಸಿಟ್ಟು ಇಳಿದ ಮೇಲೆ ಅಳು ಬಂತು. ಅತ್ತರೆ ಕೆನ್ನೆ ಇನ್ನಷ್ಟು ನೋಯುತ್ತದೆಂದು ಅದನ್ನೂ ನುಂಗಿದೆ. ನಾನು ಸತ್ತರೆ ಮಾವನಿಗೆ ಕುಟುಂಬ ಮುಗಿಯಿತು, ಗಂಡನಿಗೆ ಕೆಟ್ಟ ಹೆಸರು ಬಂತು. ಇಬ್ಬರ ಹೆದರಿಕೆಯೂ ನನಗೆ ಅರ್ಥವಾಗುತ್ತಿತ್ತು. ಆದರೆ ನನಗೂ ಹೆದರಿಕೆ ಇತ್ತು, ಅದನ್ನು ಯಾರೂ ಕೇಳಲಿಲ್ಲ. ನನಗೆ ಬೇಕಾಗಿದ್ದದ್ದು ಅಪ್ಪಣೆಯಲ್ಲ. ಮಾಡಿಸು, ನಾನು ಹತ್ತಿರ ಇರುತ್ತೇನೆ ಎಂದೋ, ಬೇಡ, ನೀನು ಹೋದರೆ ನಾನು ಏನು ಮಾಡಲಿ ಎಂದೋ ಒಬ್ಬರು ಅಂದಿದ್ದರೆ ಸಾಕಿತ್ತು. ಬೇಡ ಎಂದಿದ್ದರೆ ಆ ಕೀವು ಹೊತ್ತುಕೊಂಡೇ ಸಂತೋಷವಾಗಿ ಇದ್ದುಬಿಡುತ್ತಿದ್ದೆ.

ಸೋಮವಾರ ಹೊರಟು ನಿಂತ ಗಂಡನಿಗೆ, "ಮಾವ ಒಪ್ಪಿದರು" ಎಂದೆ. ಅವರು ಹೋದ ಮೇಲೆ ಮಾವನಿಗೆ, "ಅವರು ಒಪ್ಪಿದರು" ಎಂದೆ. ಎರಡೂ ಸುಳ್ಳು. ಹೌದಾ, ಯಾವಾಗ, ಏನೆಂದು ಒಪ್ಪಿದರು ಎಂದು ಕೇಳಿಯಾರು ಎಂದು ಎರಡು ಕಡೆಯೂ ಕಾದು ನಿಂತೆ. ಇಬ್ಬರ ಮುಖವೂ ತಲೆಹೊರೆ ಇಳಿಸಿದವರ ಹಾಗೆ ಸಡಿಲವಾಯಿತು. ಮಾವ ಆವತ್ತು ಊಟಕ್ಕೆ ಎರಡನೇ ಸಲ ಅನ್ನ ಬಡಿಸಿಕೊಂಡರು.

ಆಪರೇಷನ್ ದಿನ ಮಾವನೇ ಗಾಡಿ ಮಾಡಿಸಿ ಆಸ್ಪತ್ರೆಯ ಬಾಗಿಲವರೆಗೆ ಬಂದರು. "ಇನ್ನು ಅವರು ಬರ್ತಾರಲ್ಲ" ಎಂದು ಅದೇ ಗಾಡಿಯಲ್ಲಿ ಹಿಂದೆ ಹೋದರು. ಮಾವ ಇದ್ದಾರಲ್ಲ ಎಂದುಕೊಂಡು ಗಂಡ ಅಕ್ಕಿಯ ಗೋದಾಮಿನಲ್ಲಿದ್ದರು.

"ಮನೆಯವರು ಎಂತ ಹೇಳಿದರು?" ಎಂದು ಡಾಕ್ಟರು ಕೇಳಿದರು.

"ಒಪ್ಪಿದ್ದಾರೆ" ಎಂದೆ. ಮನೆ ನನ್ನದು, ಒಪ್ಪಿದವಳೂ ನಾನೇ. ಅಷ್ಟರ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ.

"ಹೊರಗೆ ಯಾರು ಕೂತಿದ್ದಾರೆ?"

"ಇದ್ದಾರೆ" ಎಂದೆ. ಮುಖದ ಮೇಲೆ ಬಟ್ಟೆ ಬಂತು. ಖಾಲಿ ಬೆಂಚನ್ನು ನೆನೆಸಿಕೊಂಡೇ ನಾನು ಎಚ್ಚರ ತಪ್ಪಿದ್ದು.

ಸಂಜೆ ಇಬ್ಬರೂ ಬಂದರು. ನನ್ನ ತುಟಿ ಊದಿ ಮೂಗಿಗೆ ಮುಟ್ಟುತ್ತಿತ್ತು, ಬಾಯೊಳಗೆ ಬಟ್ಟೆ ತುರುಕಿದ್ದರು. ಮಂಚದ ಒಂದು ಬದಿಗೆ ಮಾವ, ಇನ್ನೊಂದು ಬದಿಗೆ ಗಂಡ.

"ನೀವು ಧೈರ್ಯ ಮಾಡಿ ಒಪ್ಪಿದ್ದು ಒಳ್ಳೇದಾಯ್ತು" ಎಂದರು ಮಾವ.

"ನಾನೆಲ್ಲಿ ಒಪ್ಪಿದ್ದು? ನೀವು ಒಪ್ಪಿದ್ದೀರಿ ಅಂತ ಇವಳು ಹೇಳಿದ್ದಲ್ಲವಾ?"

ಇಬ್ಬರೂ ನನ್ನ ಮುಖ ನೋಡಿದರು. ನಾನೂ ನೋಡಿದೆ. ಈಗ ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದು ಆಸೆಯಾಯಿತು. ಸುಳ್ಳು ಹೇಳಿ, ಯಾರೂ ಇಲ್ಲದೆ ಒಬ್ಬಳೇ ಹೋಗಿ ಮಲಗಿದೆಯಾ, ನಿನಗೆ ಬುದ್ಧಿ ಉಂಟಾ ಎಂದು ಒಬ್ಬರಾದರೂ ಕಿರುಚಲಿ ಎಂದು.

ಮಾವ ಕಿಟಕಿಯ ಕಡೆ ತಿರುಗಿ, "ಆದದ್ದು ಆಯ್ತು. ಗುಣ ಆದರೆ ಸಾಕು" ಎಂದರು. ಹೌದು ಹೌದು ಎಂದರು ಗಂಡ. ಕತ್ತಲಾಗುವ ಮೊದಲು ಇಬ್ಬರೂ ಒಟ್ಟಿಗೆ ಎದ್ದು ಹೋದರು.

ಕೆನ್ನೆ ಗುಣವಾಯಿತು, ವಾಸನೆ ಹೋಯಿತು. ಬಾಯಿ ಬಿಟ್ಟು ಮಾತಾಡುವಂತಾದ ಮೇಲೆ ಯಾಕೆ ಹಾಗೆ ಸುಳ್ಳು ಹೇಳಿದೆ ಎಂದು ಇಬ್ಬರಲ್ಲಿ ಒಬ್ಬರು ಕೇಳುತ್ತಾರೆಂದು ಬಹಳ ಕಾಲ ಕಾದೆ. ಈಗ ಇಬ್ಬರೂ ಇಲ್ಲ. ಕೇಳದೆಯೇ ಹೋದರು.