ನ್ಯೂ ಗಿಲ್ಯಾಡ್ ಅಂಗಳದ ಹಳದಿ ಫಲಕ

ಶಾಲೆಯನ್ನು ಮುಚ್ಚಲು ಒಂದು ಸಭೆ ಸಾಕು. ತೆರೆಯಲು ಊರಿನ ಪ್ರತಿ ಕಚೇರಿಯೂ ಒಪ್ಪಬೇಕು. ಇದು ನಿಮಗೆ ಗೊತ್ತಿರಬೇಕಾದ ಮಾತು. ಗೊತ್ತಿದ್ದೂ ಸುಮ್ಮನಿದ್ದೀರಿ ಎಂಬುದೇ ನನ್ನ ತಕರಾರು.

ನಮ್ಮ ಡೆಲ್ಬಿಯ ಪೂರ್ವಭಾಗದ ಶಾಲೆಯನ್ನು ಮುಚ್ಚಿದ ದಿನ ಶಿಕ್ಷಣ ಮಂಡಳಿಯವರು ಕಾಫಿ ತಣ್ಣಗಾಗುವ ಮೊದಲೇ ಕೈಯೆತ್ತಿ ಮುಗಿಸಿದ್ದರು. ಉಕ್ಕಿನ ಕಾರ್ಖಾನೆ ಹೋಯಿತು, ಜನ ಕಡಿಮೆಯಾದರು, ಹಾಗಾಗಿ ಮಕ್ಕಳೂ ಕಡಿಮೆ ಎಂದರು. ಉಳಿದ ಮಕ್ಕಳು ಅಂದಿನಿಂದ ಕತ್ತಲಿರುವಾಗಲೇ ಎದ್ದು, ರೈಲು ಸೇತುವೆ ದಾಟುವ ಹಳದಿ ಬಸ್ಸು ಹಿಡಿದು, ಊರಿನ ಆಚೆ ತುದಿಗೆ ಓದಲು ಹೋಗುತ್ತಾರೆ.

ಇದು ಮೊದಲು ತಟ್ಟಿದ್ದು ಲುರ್ಲೀನ್ ಗ್ಯಾಡ್ಸ್‌ಡನ್‌ಗೆ. ಆಕೆ ಯಾವ ಪದವಿಯೂ ಇಲ್ಲದ ಹೆಂಗಸು, ಆ್ಯಶ್ ಬೀದಿಯಲ್ಲಿ ಹೆಣ್ಣುಮಕ್ಕಳ ಜಡೆ ಹೆಣೆಯುವ ಅಂಗಡಿ ಇಟ್ಟಿದ್ದಾಳೆ. ಒಂದು ತಲೆ ಹೆಣೆಯಲು ಅರ್ಧ ದಿನ ಹಿಡಿಯುತ್ತದೆ. ಅಷ್ಟು ಹೊತ್ತು ಒಂದು ಮಗು ನಿಮ್ಮ ಮೊಣಕಾಲುಗಳ ನಡುವೆ ಕೂತರೆ ಅದರ ಇಡೀ ಬದುಕು ನಿಮಗೆ ತಿಳಿಯುತ್ತದೆ. ಒಂದು ಶನಿವಾರ ಮೂರನೇ ತರಗತಿಯ ಜ್ಯೂನಿ ಎಂಬ ಹುಡುಗಿಗೆ, "ಆ ಎಣ್ಣೆ ಶೀಸೆ ಕೊಡು ಕಂದಾ, ತೆಂಗಿನೆಣ್ಣೇದು" ಎಂದಳು. ಜ್ಯೂನಿ ಶೀಸೆಗಳ ಮುಚ್ಚಳ ಒಂದೊಂದಾಗಿ ತೆಗೆದು ಮೂಸಿ ನೋಡಿ, ಸರಿಯಾದದ್ದನ್ನೇ ಕೊಟ್ಟಳು.

"ಮೂಸೋದ್ಯಾಕೆ? ಮೇಲೆ ಬರೆದೈತಲ್ಲ."

"ಮೂಸಿದ್ರೆ ಬೇಗ ಗೊತ್ತಾಗುತ್ತೆ, ಮಿಸ್ ಲುರ್ಲೀನ್."

ಆಕೆ ನಕ್ಕಳು. ಆಮೇಲೆ ಹೆಣೆಯುವ ಕೈ ನಿಂತಿತು. ಮುಂದಿನ ಶನಿವಾರ ಬಂದ ಮಕ್ಕಳಿಗೆಲ್ಲ ಅದೇ ಶೀಸೆ ಕೇಳಿದಳು. ಮೂಸಿದವರೇ ಹೆಚ್ಚು, ಓದಿದವರು ಕಡಿಮೆ.

ಚಾರ್ಟರ್ ಶಾಲೆಯ ಯೋಚನೆ ಹುಟ್ಟಿದ್ದು ಅಲ್ಲಿ. ಖರ್ಚು ಸರಕಾರದ್ದು, ಆಡಳಿತ ಊರವರದು, ಮಕ್ಕಳಿಗೆ ಶುಲ್ಕವಿಲ್ಲ. ಆದರೆ ಸನ್ನದು, ಅಂದರೆ ಶಾಲೆ ನಡೆಸುವ ಅಪ್ಪಣೆಪತ್ರ, ಕೊಡುವ ಮಂಡಳಿ ಮೊದಲು ಒಪ್ಪಬೇಕು. ನಿವೃತ್ತ ಶಿಕ್ಷಕಿಯರಿಬ್ಬರನ್ನು ಜೊತೆ ಮಾಡಿಕೊಂಡು ಲುರ್ಲೀನ್ ಆ ಮಂಡಳಿಯ ಮುಂದೆ ಹೋಗಿ ನಿಂತಳು. ಮೊದಲ ವರ್ಷ ತಿರಸ್ಕಾರ. ಎರಡನೇ ವರ್ಷ ಟೈ ಕಟ್ಟಿದವನೊಬ್ಬ, "ನಿಮ್ಮ ಆಡಳಿತದ ಮಾದರಿ ಏನು?" ಎಂದು ಕೇಳಿದ.

"ನನ್ನ ಅಂಗಡೀದೇ ಮಾದರಿ. ಮೊದಲು ಬಂದೋರು ಮೊದಲು. ಅಳ್ತಾ ಇರೋ ಮಗು ಎಲ್ಲರಿಗಿಂತ ಮೊದಲು."

ಅವನು ಅದನ್ನು ಬರೆದುಕೊಂಡನಂತೆ. ಸನ್ನದು ಸಿಕ್ಕಿತು, ಷರತ್ತಿನ ಮೇಲೆ: ಬರುವ ಶರತ್ಕಾಲದಲ್ಲಿ ಶಾಲೆಗಳ ಮೊದಲ ಗಂಟೆ ಬಾರಿಸುವ ಹೊತ್ತಿಗೆ, ಊರಿನ ಕಚೇರಿಗಳ ಪರವಾನಗಿಗಳನ್ನೆಲ್ಲ ಪಡೆದ ಒಂದು ಕಟ್ಟಡದಲ್ಲಿ ಶಾಲೆ ತೆರೆದಿರಬೇಕು. ಇಲ್ಲವಾದರೆ ಸನ್ನದು ಸತ್ತಂತೆ.

ಕಟ್ಟಡಕ್ಕೇನು ಕೊರತೆ ಎಂದುಕೊಂಡರು ಎಲ್ಲರೂ. ನ್ಯೂ ಗಿಲ್ಯಾಡ್ ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆ ಇತ್ತು. ಅಲ್ಲಿ ಹಿರಿಯಮ್ಮ ಟಾಲಿವರ್ ಮೂರು ತಲೆಮಾರಿನ ಮಕ್ಕಳಿಗೆ ಭಾನುವಾರದ ಪಾಠ ಹೇಳಿದ್ದಳು. ಅಗ್ನಿಶಾಮಕ ಇಲಾಖೆಯ ತಪಾಸಣೆಗಾರ ಬಂದು ಚಾವಣಿ ನೋಡಿ, ಆಗದೆಂದು ಲುರ್ಲೀನ್ ಮುಂದೆ ತಲೆಯಾಡಿಸಿದ.

"ಇದು ಶಾಲೆ ಅಲ್ಲ ಕಣಮ್ಮ, ಪ್ರಾರ್ಥನಾ ಮಂದಿರ."

"ನಾನೂ ಇಲ್ಲೇ ಅಕ್ಷರ ಕಲಿತಿದ್ದು."

"ಭಾನುವಾರ ಕಲ್ತಿದೀಯ. ಭಾನುವಾರದ ಮಕ್ಕಳಿಗೆ ಬೆಂಕಿ ಹತ್ತಲ್ಲ, ಸೋಮವಾರದ ಮಕ್ಕಳಿಗೆ ಹತ್ತುತ್ತೆ. ಕಾನೂನು ಬರೆದೋನು ನಾನಲ್ಲ."

ಅವನೇನೂ ಕೆಟ್ಟವನಲ್ಲ. ಯಾವ ಗೋಡೆಗೆ ಎಂಥ ಬಾಗಿಲು, ಎಲ್ಲೆಲ್ಲಿ ನೀರು ಚಿಮ್ಮುವ ಕೊಳವೆ ಎಂದು ಕೂತು ಹೇಳಿಕೊಟ್ಟ. ಚರ್ಚಿನ ಕೊಳಾಯಿಯವರು, ಬಡಗಿಗಳು ಚಳಿಗಾಲವೆಲ್ಲ ದುಡಿದರು. ಆರೋಗ್ಯ ಇಲಾಖೆ ಅಡಿಗೆಮನೆಯಲ್ಲಿ ಕೈ ತೊಳೆಯಲು ಬೇರೆಯೇ ತೊಟ್ಟಿ ಬೇಕೆಂದಿತು, ಇಟ್ಟರು. ಹುರಿದ ಕೋಳಿಯ ಜಿಡ್ಡು ಚರಂಡಿಗಿಳಿಯದಂತೆ ತಡೆಯುವ ಪೆಟ್ಟಿಗೆ ಬೇಕೆಂದಿತು, ಹಾಕಿದರು. ಉಳಿದದ್ದು ಒಂದೇ: ಈ ಜಾಗದಲ್ಲಿ ಶಾಲೆ ನಡೆಸಬಹುದೆಂದು ನಗರದ ಜಾಗಬಳಕೆ ಮಂಡಳಿಯ ಅಪ್ಪಣೆ. ಅದಕ್ಕೆ ಬಹಿರಂಗ ವಿಚಾರಣೆ. ವಿಚಾರಣೆಯ ದಿನ ತಿಳಿಸುವ ಹಳದಿ ಫಲಕವೊಂದನ್ನು ನಗರದವರು ಚರ್ಚಿನ ಅಂಗಳದಲ್ಲಿ ನೆಟ್ಟು ಹೋದರು. ನೆರೆಹೊರೆಯವರು ಓದಲೆಂದು ವಿಚಾರಣೆಯವರೆಗೆ ಅದು ಅಲುಗಬಾರದು, ಅದು ಕಾನೂನು.

ಆ ವಾರವೇ ಹಿರಿಯಮ್ಮ ಟಾಲಿವರ್ ತೀರಿಕೊಂಡಳು.

ನ್ಯೂ ಗಿಲ್ಯಾಡ್‌ನ ಹಿರಿಯರು ದಕ್ಷಿಣದ ಮಿಸಿಸಿಪ್ಪಿಯಿಂದ ಇಲ್ಲಿಗೆ ವಲಸೆ ಬರುವಾಗ ಒಂದು ವಾಡಿಕೆಯನ್ನು ಗಂಟು ಕಟ್ಟಿ ತಂದಿದ್ದರು. ಹೆಣ ಹೊರಡುವ ಮನೆಯ ಮುಂದೆ ಸರಕಾರದ ಕಾಗದ ಕಾಣಬಾರದು. ಅಲ್ಲಿ ಅವರ ಬಾಗಿಲಿಗೆ ಸರಕಾರ ಅಂಟಿಸುತ್ತಿದ್ದುದು ಜಪ್ತಿಯ ಕಾಗದ, ಒಕ್ಕಲೆಬ್ಬಿಸುವ ಕಾಗದ. ಅಂಥದ್ದರ ಮುಂದೆ ಹಾಯ್ದು ಯಾರೂ ದೇವರ ಬಳಿ ಹೋಗಬಾರದು. ಬಾಡಿಗೆ ಬಾಕಿಯ ಚೀಟಿಯನ್ನೂ ಕಿತ್ತಿಟ್ಟು, ಮಣ್ಣು ಮಾಡಿ ಬಂದಮೇಲೆ ಮತ್ತೆ ಅಂಟಿಸುತ್ತಿದ್ದರು.

ಡೀಕನ್ ಅಮೋಸ್ ರಕರ್ ಚರ್ಚಿನ ಬಾಗಿಲು ಕಾಯುವ ಹಿರಿಯ. ಹಿರಿಯಮ್ಮನ ಕೈಯಲ್ಲೇ ಅಕ್ಷರ ಕಲಿತವನು. ದೇಹವನ್ನು ಚರ್ಚಿಗೆ ತರುವ ಮುನ್ನಾದಿನ ಫಲಕವನ್ನು ಮೆಲ್ಲಗೆ ಕಿತ್ತು, ಮಣ್ಣು ಒರೆಸಿ, ಬಟ್ಟೆ ಹೊದಿಸಿ ಹಳೇ ಕಲ್ಲಿದ್ದಲ ಕೋಣೆಯಲ್ಲಿಟ್ಟ. ಮಣ್ಣು ಮಾಡಿ ಬಂದವನೇ ಅದೇ ಗುಳಿಯಲ್ಲಿ ಮತ್ತೆ ನೆಟ್ಟ. ಯಾರಿಗೂ ಹೇಳಲಿಲ್ಲ. ಹೇಳುವಂಥ ಕೆಲಸವೆಂದು ಅವನಿಗೆ ಅನ್ನಿಸಲೇ ಇಲ್ಲ.

ಲುರ್ಲೀನ್ ಆ ಹೊತ್ತು ಹಿರಿಯಮ್ಮನ ನೆರೆತ ಕೂದಲನ್ನು ಕೊನೆಯ ಸಲ ಬಾಚುತ್ತಿದ್ದಳು. ಶವದ ಗಾಡಿಯ ಹಿಂದೆ ಬಂದಾಗ ಅಂಗಳ ಯಾಕೋ ಇವತ್ತು ಚೆಂದ ಕಾಣುತ್ತಿದೆ ಎಂದುಕೊಂಡಳಂತೆ. ಯಾಕೆಂದು ಹೊಳೆಯಲಿಲ್ಲ. ಚರ್ಚು ತುಂಬಿ, ಮೆಟ್ಟಿಲು ತುಂಬಿ, ಬೀದಿಯಲ್ಲೂ ಜನ ನಿಂತಿದ್ದರು. ಅಷ್ಟು ಜನ.

ವಿಚಾರಣೆಯ ದಿನ ನಗರಸಭೆಯ ಕೋಣೆಯಲ್ಲಿ ಕುರ್ಚಿಗಳು ಖಾಲಿ. ಲುರ್ಲೀನ್, ಶಿಕ್ಷಕಿಯರಿಬ್ಬರು, ಪಾದ್ರಿ, ಡೀಕನ್, ಅಷ್ಟೇ. "ಪ್ರಾರ್ಥನೆ ಮಾಡ್ತೀವಿ ಅಕ್ಕಾ" ಎಂದವರು ಮನೆಯಲ್ಲೇ ಮಾಡುತ್ತಿದ್ದರೇನೋ. ಚರ್ಚಿನ ಪಕ್ಕದ ಗೋದಾಮಿನ ಮಾಲೀಕ ಹಾಲ್‌ಸ್ಟೆಡ್‌ಗೆ ಬೆಳಿಗ್ಗೆ ಮಕ್ಕಳ ಗಾಡಿಗಳು ತನ್ನ ಲಾರಿಗಳಿಗೆ ಅಡ್ಡ ಬರುತ್ತವೆಂಬ ಚಿಂತೆ. ಅವನ ವಕೀಲ ಒಂದು ಛಾಯಾಚಿತ್ರ ತೋರಿಸಿದ. ಶವದ ಗಾಡಿ, ಬಿಳಿ ಉಡುಪಿನ ಹೆಂಗಸರು, ಹಸಿರು ಅಂಗಳ. ಫಲಕವಿಲ್ಲ. ನಮ್ಮ ದುಃಖದ ಚಿತ್ರವನ್ನೇ ಅವನು ಸಾಕ್ಷಿ ಮಾಡಿಕೊಂಡ.

ಜಾಗಬಳಕೆ ಮಂಡಳಿಯ ಅಧ್ಯಕ್ಷ ಕನ್ನಡಕ ತೆಗೆದ. "ಫಲಕ ಯಾರು ತೆಗೆದಿದ್ದು?"

ಡೀಕನ್ ಎದ್ದು ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡ. "ನಾನು ಸಾರ್. ಹೆಣ ಹೊರಡ್ತಿತ್ತು."

"ಅರ್ಥ ಆಗಲಿಲ್ಲ."

"ಹೆಣದ ಮುಂದೆ ಅದು ನಿಲ್ಲಬಾರ್ದು, ಸಾರ್. ಮತ್ತೆ ನೆಟ್ಟಿದೀನಿ. ಮೊದಲಿಗಿಂತ ಗಟ್ಟಿಯಾಗೇ ನೆಟ್ಟಿದೀನಿ."

ವಕೀಲನ ಕಡೆಯ ಯಾರೋ ನಕ್ಕರು. ಅಧ್ಯಕ್ಷ ನಗಲಿಲ್ಲ. ನೆರೆಹೊರೆಗೆ ವಿಷಯ ಗೊತ್ತಿತ್ತೆಂದು ಮನವರಿಕೆಯಾದರೆ ಇಂಥ ಲೋಪವನ್ನು ಮನ್ನಿಸುವ ಅಧಿಕಾರ ಮಂಡಳಿಗಿತ್ತು. ಅವನೇ ಅದನ್ನು ಓದಿ ಹೇಳಿದ. ಲುರ್ಲೀನ್ ಹಾರಿ ಎದ್ದಳು.

"ಗೊತ್ತಿಲ್ದೆ ಏನು ಸಾರ್, ಇಡೀ ಪೂರ್ವಭಾಗಕ್ಕೆ ಗೊತ್ತು. ಎಲ್ಲರಿಗೂ ಬೇಕು ಈ ಶಾಲೆ."

ಅಧ್ಯಕ್ಷ ಅವಳ ಹಿಂದಿನ ಕುರ್ಚಿಗಳನ್ನು ನೋಡಿದ, ಸಾಲು ಸಾಲಾಗಿ. "ಎಲ್ಲರೂ ಅಂದ್ರೆ ಯಾರಮ್ಮ?"

ಅವಳು ಹಿಂತಿರುಗಿ ನೋಡಲಿಲ್ಲ. ನೋಡದೆಯೇ ಗೊತ್ತಿತ್ತು.

ಹೊಸ ಫಲಕ, ಹೊಸ ವಿಚಾರಣೆ ಎಂದು ತೀರ್ಮಾನವಾಯಿತು. ಆ ಹೊಸ ದಿನ ಬೀಳುವುದು ಶಾಲೆಗಳೆಲ್ಲ ತೆರೆದ ಮೇಲೆ. ಅವಧಿ ಮುಂದೂಡಿ ಎಂದು ಸನ್ನದಿನ ಮಂಡಳಿಯನ್ನು ಬೇಡಿಕೊಂಡದ್ದಾಯಿತು. ಅವರು ಬಹಳ ಮರ್ಯಾದೆಯಿಂದ ಆಗುವುದಿಲ್ಲ ಎಂದರು. ಇನ್ನೊಮ್ಮೆ ಅರ್ಜಿ ಹಾಕಬಹುದು, ಮೊದಲಿನಿಂದ. ಅಷ್ಟರಲ್ಲಿ ಜ್ಯೂನಿ ದೊಡ್ಡ ಶಾಲೆಗೆ ಹೋಗುವ ವಯಸ್ಸಿಗೆ ಬಂದಿರುತ್ತಾಳೆ, ಅಕ್ಷರವಿಲ್ಲದೆ.

ಮೊನ್ನೆ ಡೀಕನ್ ರಕರ್ ಅಂಗಡಿಯ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲಿಲ್ಲ.

"ಅಕ್ಕಾ, ಒಂದ್ಸಲ ಬೈದುಬಿಡು. ಮನೇಲಿ ಅನ್ನ ಇಳೀತಿಲ್ಲ."

"ಬೈದ್ರೆ ಹಿರಿಯಮ್ಮ ಎದ್ದು ಬಂದು ನನ್ನ ಕಿವಿ ಹಿಂಡ್ತಾಳೆ. ಅವಳಿಗೆ ಮಾಡೋದು ಸರಿಯಾಗೇ ಮಾಡಿದೀಯ."

"ಮಕ್ಕಳಿಗೆ?"

ಲುರ್ಲೀನ್ ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲು ಬಿಡಿಸತೊಡಗಿದಳು. ಅವನು ಟೊಪ್ಪಿಗೆ ಹಾಕಿಕೊಂಡು ಹೋದ. ಈಗ ಚರ್ಚಿನಲ್ಲಿ ಅವನು ಬಾಗಿಲು ಕಾಯುವುದಿಲ್ಲ, ಕೊನೆಯ ಸಾಲಿನಲ್ಲಿ ಕೂರುತ್ತಾನೆ. ನೆಲಮಾಳಿಗೆಯಲ್ಲಿ ಪುಟ್ಟ ಕುರ್ಚಿಗಳು ಒಂದರ ಮೇಲೊಂದು ಗೋಡೆಗೆ ಒರಗಿವೆ. ಯಾರೂ ಕೂರದ ತರಗತಿಯ ಚಾವಣಿಯಲ್ಲಿ ನೀರಿನ ಕೊಳವೆಗಳು ಬೆಂಕಿಗಾಗಿ ಕಾದಿವೆ. ಜ್ಯೂನಿ ಕತ್ತಲಲ್ಲಿ ಬಸ್ಸು ಹತ್ತುತ್ತಾಳೆ. ಶನಿವಾರ ಬಂದು ಜಡೆ ಹೆಣೆಸಿಕೊಳ್ಳುತ್ತ ನಿದ್ದೆ ಹೋಗುತ್ತಾಳೆ. ಎಣ್ಣೆ ಕೇಳಿದರೆ ಮೂಸಿ ಕೊಡುತ್ತಾಳೆ. ಲುರ್ಲೀನ್ ಈಗ ಕೇಳುವುದನ್ನೇ ಬಿಟ್ಟಿದ್ದಾಳೆ, ತಾನೇ ಎದ್ದು ತಂದುಕೊಳ್ಳುತ್ತಾಳೆ.

ನನ್ನ ಸಿಟ್ಟು ಡೀಕನ್ ಮೇಲಲ್ಲ. ವಕೀಲನ ಮೇಲೂ ಅಷ್ಟಿಲ್ಲ, ಅವನು ಕೂಲಿಗೆ ತಕ್ಕ ಕೆಲಸ ಮಾಡಿದ. ಸತ್ತ ಶಿಕ್ಷಕಿಗಾಗಿ ಬೀದಿ ತುಂಬಿದ ನಾವು, ಹುಟ್ಟಬೇಕಿದ್ದ ಶಾಲೆಗಾಗಿ ಒಂದು ಕೋಣೆ ತುಂಬಲಿಲ್ಲ. ನಿಮ್ಮ ಬೀದಿಯಲ್ಲೂ ಇವತ್ತು ಎಲ್ಲೋ ಒಂದು ಫಲಕ ನಿಂತಿದೆ, ನೀವು ದಿನವೂ ಅದನ್ನು ದಾಟಿ ಹೋಗುತ್ತಿದ್ದೀರಿ. ನಾಳೆ ನಿಲ್ಲಿ, ಓದಿ. ಅದರಲ್ಲಿ ಬರೆದ ದಿನ ಕೆಲಸ ಬಿಟ್ಟು ಹೋಗಿ, ಖಾಲಿ ಕುರ್ಚಿಯೊಂದರಲ್ಲಿ ಕೂತುಕೊಳ್ಳಿ.