ಓಣಿಯ ಮಗ್ಗಗಳು ನಿಂತಾಗ

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದೆ. ಕರೆಂಟು ಹೋಯಿತು. ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ಗಪ್ಪಾದವು. ನಾನು ಎಲೆ ಬಿಟ್ಟು ಎದ್ದು ನಿಂತುಬಿಟ್ಟೆ. "ಎಲ್ಲಿಗೆ ಹೊಂಟ್ರಿ? ಈಗ ಮನ್ಯಾಗ ಕುಣಿ ಇಲ್ಲ," ಎಂದು ಹೆಂಡತಿ ನಕ್ಕಳು. ನೀವೂ ನಗುವಿರಂತೆ, ಮೊದಲು ಸಂಗತಿ ಕೇಳಿ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಆಗ ಮನೆಗೊಂದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವುದು. ಲಾಳಿಯ ಖಟ್‌ಖಟ್ ಸದ್ದಿನಲ್ಲಿ ನಿದ್ದೆ ಮಾಡುವ ಕೂಸುಗಳು ಸದ್ದು ನಿಂತರೆ ಎದ್ದು ಅಳುತ್ತಿದ್ದವು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಮಕ್ಕಳಾಗದ ಆಪರೇಶನ್ನಿಗೆ ಗಂಡಸರನ್ನು ಒಯ್ಯಲು ಜೀಪು ಬರತೊಡಗಿದಾಗ ನಮ್ಮ ದೊಡ್ಡವ್ವ ಒಂದು ಉಪಾಯ ಹೂಡಿದಳು. ಜೀಪು ಕಂಡೊಡನೆ ಓಣಿಯ ಮೊದಲ ಮನೆಯವರು ಮಗ್ಗ ನಿಲ್ಲಿಸಬೇಕು. ಅದು ನಿಂತದ್ದು ಕೇಳಿ ಪಕ್ಕದವರು, ಅವರದು ನಿಂತದ್ದು ಕೇಳಿ ಅವರ ಪಕ್ಕದವರು. ಸಾಹೇಬರು ಜೀಪು ಇಳಿಯುವಷ್ಟರಲ್ಲಿ ಗಂಡಸರೆಲ್ಲ ಹಿತ್ತಲ ಗೋಡೆ ಹಾರಿರುತ್ತಿದ್ದರು. ಕೂಗಿದವರನ್ನಾದರೆ ಹಿಡಿಯಬಹುದು, ಸುಮ್ಮನಾದವರನ್ನು ಯಾವ ಕಾಯಿದೆಯಲ್ಲಿ ಹಿಡಿಯುತ್ತಾರೆ?

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ನಮ್ಮ ಮನೆಯಲ್ಲೇ ಇದ್ದವಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ಅವನ ಮಗ್ಗಕ್ಕೆ ತಾನೇ ಕುಳಿತವಳು. ಆಗಿನ ಸರಕಾರದ ಪಕ್ಷವೆಂದರೆ ಆಕೆಗೆ ಮೈಯೆಲ್ಲ ಉರಿ. ಮೇಲಿನ ಓಣಿಯವರು ಆ ಪಕ್ಷದವರು, ನಾವು ಅದರ ವಿರುದ್ಧ. ನಮ್ಮ ಓಣಿಯಲ್ಲಿ ದೊಡ್ಡವ್ವನ ಮಾತೇ ಮಾತು.

ಚುನಾವಣೆಯಾಗಿ ದಿಲ್ಲಿಯ ಸರಕಾರ ಬದಲಾಯಿತು, ಬೆಂಗಳೂರಿನಲ್ಲಿ ಮಾತ್ರ ಅದೇ ಪಕ್ಷ ಉಳಿಯಿತು. ಆಪರೇಶನ್ನಿನ ಕಾಟವೂ ನಿಂತಿತು. ಮರುವರ್ಷದ ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂತು. ಸೂಜಿ ಮಾಡಲು ನರ್ಸಬಾಯಿ ಬಂದಳು, ಅದೇ ಹಳೆಯ ಜೀಪಿನಲ್ಲಿ. ಮೇಲಿನ ಓಣಿಯವರು ಸಾಲುಗಟ್ಟಿ ತೋಳು ಕೊಟ್ಟರು. ಅವರು ಕೊಟ್ಟರೆಂಬ ಒಂದೇ ಕಾರಣಕ್ಕೆ ನಾವು ಕೊಡುವ ಹಾಗಿರಲಿಲ್ಲ. ಸಾಲದ್ದಕ್ಕೆ ಆಕೆ ದಪ್ಪನೆಯ ಪುಸ್ತಕ ತೆಗೆದು, "ಮಕ್ಕಳು ಎಷ್ಟ್ರಿ?" ಎಂದು ಶುರುಮಾಡಿದಳು. ಆಪರೇಶನ್ನಿನವರೂ ಮೊದಲು ಕೇಳುತ್ತಿದ್ದದ್ದು ಅದನ್ನೇ. ಮಗ್ಗಗಳು ಒಂದೊಂದಾಗಿ ನಿಂತವು. ದೊಡ್ಡವ್ವ ಕಟ್ಟೆಯ ಮೇಲೆ ನಿಂತು ಹೇಳಿದಳು: "ಸೂಜಿ ಹೆಸರ್ಲೆ ಏನ ಚುಚ್ಚತಾರೋ ಯಾರಿಗ್ಗೊತ್ತು? ನಮ್ಮ ಓಣ್ಯಾಗ ಯಾರೂ ತೋಳ ಕೊಡಬ್ಯಾಡ್ರಿ!" ನಾನು ಚಪ್ಪಾಳೆ ತಟ್ಟಿದೆ. ಆಗಷ್ಟೇ ಗುಳೇದಗುಡ್ಡದ ಹುಡುಗಿಯನ್ನು ಮದುವೆಯಾಗಿದ್ದ ನನಗೆ ಎಂಥ ಭಯವಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯ ದಿನ ಎದುರುಮನೆಯ ಮಲ್ಲವ್ವ ವಾಂತಿಭೇದಿಯಿಂದ ತೀರಿಕೊಂಡಳು. ದೊಡ್ಡವ್ವನ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಿದ್ದವಳು, ಆಕೆಯ ಮಾತು ಕೇಳಿ ಅಂದು ಎಲ್ಲರಿಗಿಂತ ಮೊದಲು ಬಾಗಿಲು ಹಾಕಿಕೊಂಡವಳು. ದೊಡ್ಡವ್ವ ಆ ದಿನ ಉಣ್ಣಲಿಲ್ಲ. "ನನ್ನ ಮಾತ ಕೇಳಿ ಹೋದ್ಲು," ಎಂದಷ್ಟೇ ಅಂದಳು.

ಮರುದಿನ ಮುಂಜಾನೆ ಜೀಪು ಮತ್ತೆ ಬಂತು, ಮಗ್ಗಗಳು ನಿಂತವು. ಗೋಡೆ ಹಾರಲು ನನಗೆ ಹೊತ್ತು ಸಿಗಲಿಲ್ಲ. ದೊಡ್ಡವ್ವನ ಮಗ್ಗದ ಕುಣಿಯಲ್ಲಿ ಕುಕ್ಕರಿಸಿ, ತಲೆಯ ಮೇಲೆ ಚಾಪೆ ಎಳೆದುಕೊಂಡೆ. ಹೊರಗೆ ಕಟ್ಟೆಯ ಮೇಲಿಂದ ಆಕೆಯ ದನಿ ಕೇಳಿತು.

"ನರ್ಸಬಾಯಿ, ಮೊದ್ಲ ಆ ಪುಸ್ತಕ ಮುಚ್ಚು."

"ಬರೀದಿದ್ರ ಸಾಹೇಬ್ರು ಬೈತಾರವ್ವಾ."

"ಹೆಸರಷ್ಟ ಬ್ಯಾರೆ ಹಾಳ್ಯಾಗ ಬರಕೋ. ಮಕ್ಕಳ ಲೆಕ್ಕ ಕೇಳಬ್ಯಾಡ. ಆ ಮಾತಿಗೆ ಅಂಜಿ ಮಂದಿ ಸಾಯಾಕತ್ತಾರ." ಆಮೇಲೆ ಓಣಿಗೆಲ್ಲ ಕೇಳುವ ಹಾಗೆ, "ಅವತ್ತ ನಾ ಹೇಳಿದ್ದು ತಪ್ಪಾತು!" ಎಂದಳು.

ಯಾರೋ ಕಿಟಕಿಯಿಂದ ಕೇಳಿದರು, "ಏನ ದೊಡ್ಡವ್ವಾ, ಪಾರ್ಟಿ ಬಿಟ್ಟೇನು?"

"ಯಾಕ ಬಿಡ್ಲಿ? ಓಟಿನ ಸಿಕ್ಕಾ ಒತ್ತೂ ಕೈ ಅದು ಬ್ಯಾರೆ ಐತಿ. ಈ ಕೈಗೆ ಸೂಜಿ ಮಾಡವ್ವಾ ನೀ."

ಸೂಜಿ ಮಾಡಿಸಿಕೊಂಡು ನೇರ ಒಳಗೆ ಬಂದು ಮಗ್ಗಕ್ಕೆ ಕುಳಿತಳು. ಇಳಿಬಿಟ್ಟ ಕಾಲು ನನ್ನ ಹೆಗಲ ಮೇಲೆ ಬಿತ್ತು. "ಏಳಲೇ ಮದುಮಗಾ, ನಾ ನೇಯಬೇಕು," ಎಂದಳು. ನಾನು ಧೂಳು ಝಾಡಿಸಿಕೊಂಡು ಎದ್ದೆ. ನಿಶ್ಶಬ್ದವಾದ ಓಣಿಯಲ್ಲಿ ಅವಳದೊಂದೇ ಮಗ್ಗ ಖಟ್‌ಖಟ್ ಎನ್ನತೊಡಗಿತು. ಮಗ್ಗ ನಿಂತರೆ ಓಡಿರಿ ಎಂದು ಕಲಿಸಿದವಳು ಈಗ ಮಗ್ಗ ನಡೆಸಿ ಬನ್ನಿರಿ ಎನ್ನುತ್ತಿದ್ದಳು. ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಪಕ್ಕದ ಮನೆಯ ಮಗ್ಗ ಶುರುವಾಯಿತು, ಅದರಾಚೆಯದು, ಅದರಾಚೆಯದು. ಬಾಗಿಲುಗಳು ತೆರೆದವು. ಮಲ್ಲವ್ವನ ಇಬ್ಬರು ಹೆಣ್ಣುಮಕ್ಕಳೂ ಬಂದರು. ನೀರು ಕುದಿಸಿ ಕುಡಿಯಿರೆಂದು ನರ್ಸಬಾಯಿ ಹೇಳಿದ್ದನ್ನು ಮನೆಮನೆಯಲ್ಲಿ ಪಾಲಿಸಿದರು. ಆ ಬೇಸಿಗೆಯಲ್ಲಿ ನಮ್ಮ ಓಣಿಯಿಂದ ಇನ್ನೊಂದು ಹೆಣ ಹೊರಡಲಿಲ್ಲ.

ದೊಡ್ಡವ್ವ ಸಾಯುವತನಕ ಮೇಲಿನ ಓಣಿಯವರ ಪಕ್ಷಕ್ಕೆ ಓಟು ಹಾಕಲಿಲ್ಲ. ಆಮೇಲೆ ಎಷ್ಟೋ ಮುಂದಾಳುಗಳ ಭಾಷಣ ಕೇಳಿದ್ದೇನೆ. ತಪ್ಪು ಹೇಳಿದ ಕಟ್ಟೆಯ ಮೇಲೆಯೇ ನಿಂತು ತಪ್ಪಾಯಿತೆಂದವರು ಇನ್ನೊಬ್ಬರು ಸಿಕ್ಕಿಲ್ಲ. ಅವಳು ನಮ್ಮ ಮನೆಯವಳೆಂದು ಹೇಳಿಕೊಳ್ಳಲು ನನಗೆ ಇಂದಿಗೂ ಎದೆಯುಬ್ಬುತ್ತದೆ.

ಆದರೆ ಒಂದು ಮಾತು. ದೊಡ್ಡವ್ವನ ನಂತರ ತೋಳು ಕೊಟ್ಟವನು ನಾನೇ ಎಂದು ಇಷ್ಟು ವರ್ಷ ಮೊಮ್ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಕರೆಂಟು ಬಂದು ಮಗ್ಗಗಳು ಮತ್ತೆ ಸದ್ದು ಮಾಡಿದಾಗ ಹೆಂಡತಿ ನನ್ನ ಮುಖ ನೋಡಿದಳು. ಅಂದು ಹೊಸ ಖಣದ ಕುಪ್ಪಸದ ತೋಳು ಮೇಲೆ ಸರಿಸಿಕೊಂಡು ಹೊಸ್ತಿಲು ದಾಟಿದ್ದ ಎರಡನೆಯವಳು ಅವಳು. ನಾನು ಮೂರನೆಯವನು, ಕುಣಿಯಿಂದ ಎದ್ದು ಬಂದವನು. ತಪ್ಪಾಯಿತು. ದೊಡ್ಡವ್ವನ ಕಟ್ಟೆಯ ಮೇಲೆಯೇ ಕುಳಿತು ಇದನ್ನು ಬರೆಯುತ್ತಿದ್ದೇನೆ.