ನೆಲಕ್ಕೆ ಸ್ವಾಧೀನ ಬಂದ ಮೇಲೆ

ಮೊಮ್ಮಗಳು ಹುಟ್ಟಿದಳು! ಅದೂ ನಮ್ಮ ಸ್ವಂತ ಮನೆಯಲ್ಲಿ, ನಮ್ಮದೇ ಗೋಡೆಗಳ ನಡುವೆ. ಶಹಾಪುರದ ಆ ಹೊಸ ಓಣಿಯಲ್ಲಿ ಮೊದಲ ಕೂಸು ಅತ್ತದ್ದು ನನ್ನ ಮನೆಯಲ್ಲಿ, ನೆಗೆಣ್ಣಿಯ ಮನೆಯಲ್ಲಲ್ಲ. ಇದನ್ನು ಬರೆಯುವಾಗ ಇವತ್ತಿಗೂ ಎದೆ ಉಬ್ಬುತ್ತದೆ.

ಕಾಲುವೆ ತೋಡುತ್ತಿದ್ದ ಕಾಲ ಅದು. ನಾನು, ನನ್ನ ಗಂಡ, ಮೈದುನ, ಅವನ ಹೆಂಡತಿಯಾದ ಈ ನೆಗೆಣ್ಣಿ ಎಲ್ಲರೂ ಅಲ್ಲಿ ಕಲ್ಲು ಹೊತ್ತವರು; ದಂಡೆಯ ಮೇಲೆ ಅಕ್ಕಪಕ್ಕದ ಜೋಪಡಿಗಳಲ್ಲಿ ಇದ್ದವರು. ಕೂಲಿಕಾರರಿಗೆ ಮನೆ ಕಟ್ಟಲು ಪುರಸಭೆಯವರು ಊರ ಹೊರಗಿನ ಒಂದು ಹೊಲ ತೆಗೆದುಕೊಂಡರು. ರಸ್ತೆ ಕಡೆಯ ಅರ್ಧದಲ್ಲಿ ಮನೆಗಳು ಬೇಗ ಎದ್ದವು, ನೆಗೆಣ್ಣಿಗೆ ಅಲ್ಲೇ ಸಿಕ್ಕಿತು. ನಮ್ಮದು ಹಿಂದಿನ ಅರ್ಧ. ಅಲ್ಲಿ ಹೊಲದ ಮಾಲಕನ ಬಾವಿ ಇತ್ತು. ಅದನ್ನು ಬಿಡಲಾರೆನೆಂದು ಅವನು ಕೋರ್ಟಿಗೆ ಹೋಗಿದ್ದ.

ಅವಳು ಗೋಡೆಗೆ ಸುಣ್ಣ ಬಳಿಯುವುದನ್ನು ನೋಡಿದರೆ, ನೀರಿಗೆ ಬಿದ್ದ ಸುಣ್ಣದ ಹರಳು ನನ್ನ ಹೊಟ್ಟೆಯೊಳಗೇ ಕುದಿಯುತ್ತಿತ್ತು. ಅವಳ ಬಾಗಿಲಿಗೆ ಚಿಲಕ ಬೇರೆ. ನಾನು ಹೋದಾಗಲೆಲ್ಲ ಅದನ್ನು ಸುಮ್ಮಸುಮ್ಮನೆ ಹಾಕಿ ತೆಗೆಯುತ್ತಿದ್ದಳು.

ಆಗಲೇ ನನ್ನ ಮಗಳು ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಕೆಂಭಾವಿಯ ಬೀಗತಿ ಮುಖದ ಮೇಲೇ ಹೇಳಿದಳು: "ಗ್ವಾಡಿ ಇಲ್ಲದ ಮನಿಗಿ ಬಾಣಂತಿ ಹ್ಯಾಂಗ ಕಳಸೂದ್ರಿ? ಗಾಳಿ ಬಡದ್ರ ಯಾರ ನೋಡವರು?"

ಮರುದಿನವೇ ಪುರಸಭೆಗೆ ಹೋದೆ. ಅಲ್ಲಿಯ ಜವಾನ, "ಹಿಂದಿನ ಜಮೀನು ಇನ್ನಾ ಸ್ವಾಧೀನ ಆಗಿಲ್ಲಬೇ" ಎಂದ.

ಆ ಮಾತನ್ನು ನಾನು ಒಂದೇ ಕಡೆ ಕೇಳಿದ್ದೆ. ನನ್ನ ಮಾವನಿಗೆ ಲಕ್ವ ಹೊಡೆದಾಗ ಡಾಕ್ಟರು, ಬಲಗೈ ಸ್ವಾಧೀನ ಇಲ್ಲ ಎಂದಿದ್ದರು. ಗಾಬರಿಯಾಗಿ ಕೇಳಿಬಿಟ್ಟೆ: "ನೆಲಕ್ಕೂ ಲಕ್ವ ಹೊಡಿತಾದೇನ್ರಿ?"

ಕಚೇರಿಗೆ ಕಚೇರಿಯೇ ನಕ್ಕಿತು. ಜವಾನ ನಗು ತಡೆದು, ಪುರಸಭೆಯ ಕೈಗೆ ಬರುವುದೇ ಸ್ವಾಧೀನ ಎಂದು ತಿಳಿಸಿಕೊಟ್ಟ. ಸುದ್ದಿ ಮಾತ್ರ ನನಗಿಂತ ಮೊದಲು ನೆಗೆಣ್ಣಿಯ ಮನೆ ಮುಟ್ಟಿತ್ತು. ಆಮೇಲೆ ಕಂಡಕಂಡಲ್ಲಿ, "ಯಕ್ಕಾ, ನಿನ್ನ ನೆಲ ಎದ್ದು ಕುಂತಾದೇನು? ಎಣ್ಣಿ ಹಚ್ಚಿ ತಿಕ್ಕು" ಎನ್ನುತ್ತಿದ್ದಳು.

ಕಡೆಗೆ ಬಾವಿಗೂ ಪರಿಹಾರ ಕೊಟ್ಟು ಪುರಸಭೆಯವರು ನೆಲ ತೆಗೆದುಕೊಂಡರು. ಮನೆ ಎದ್ದಿತು. ಸುಣ್ಣ ಆರುವ ಮೊದಲೇ ಮಗಳನ್ನು ಕರೆತಂದೆ. ನಾಲ್ಕೇ ದಿನಕ್ಕೆ, ಹೊತ್ತು ಮೂಡುವಾಗ, ಕೂಸು ಅತ್ತಿತು.

ನೆಗೆಣ್ಣಿ ಓಡಿ ಬಂದಳು. ಬಗ್ಗಿ ನೋಡುತ್ತ, "ಕೈಕಾಲು ಸ್ವಾಧೀನ ಅದಾವಿಲ್ಲೋ? ಲಕ್ವ ಹೊಡದ ನೆಲದಾಗ ಹುಟ್ಯಾದ" ಅಂದಳು. ಕೂಸು ಅವಳ ಬೆರಳು ಹಿಡಿದದ್ದು ಬಿಡಲೇ ಇಲ್ಲ.

"ನೋಡವ್ವ, ನಿನ್ನ ಬೆರಳೂ ಸ್ವಾಧೀನ ಆತು" ಎಂದೆ. "ಇನ್ನ ನೀನೂ ಕೋರ್ಟಿಗಿ ಹೋಗು."

ಅವಳು ನಕ್ಕಳು. ಆದರೆ ಕೂಸನ್ನು ನೋಡುತ್ತಿದ್ದ ಅವಳ ಕಣ್ಣಿನಲ್ಲಿ ನನ್ನ ಹಳೆಯ ಹೊಟ್ಟೆಕಿಚ್ಚೇ ಕುಳಿತಿತ್ತು. ಅದನ್ನು ಕಂಡು ನನಗಾದ ಸುಖ ಏನು ಹೇಳಲಿ!

ಸಂಜೆ ಬೀಗತಿಯೂ ಅಳಿಯನೂ ಬಸ್ಸಿಳಿದು ಬಂದರು. ಬೀಗತಿ ಹೊಸ ಗೋಡೆಗೆ ಬೆನ್ನು ಕೊಟ್ಟೇ ಊಟಕ್ಕೆ ಕುಳಿತಳು, ಸೀರೆಗೆ ಸುಣ್ಣ ಹತ್ತಿದರೂ ಏಳಲಿಲ್ಲ. ನಾನು ರೊಟ್ಟಿ, ಝುಣಕ ಮಾಡಿದ್ದೆ. ನೆಗೆಣ್ಣಿ ಗೋಧಿ ಹುಗ್ಗಿ ತಂದಿದ್ದಳು. ಎಲ್ಲರೂ ಅವಳ ಹುಗ್ಗಿಯನ್ನೇ ಕೇಳಿ ಕೇಳಿ ಹಾಕಿಸಿಕೊಂಡರು. ನಾನೂ ಎರಡು ಸಲ ಹಾಕಿಸಿಕೊಂಡೆ; ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.